ನಾವು ಬಂದಿಳಿದ ವರ್ಷದ ಸುವರ್ಣಯುಗ

ನವೆಂಬರಿನಲ್ಲಿ ಮಿಶಿಗನ್ನಿನ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಒಂದಷ್ಟು ಜನ ಬೇಸ್‌ಮೆಂಟಿಗೆ ಇಳಿಯುತ್ತಾರೆ. ಅಲ್ಲಿ ಟೀವಿಯಲ್ಲಿ ಕಾಲೇಜ್ ಫುಟ್‌ಬಾಲ್ ನಡೆಯುತ್ತಿರುತ್ತದೆ. ಆಟಕ್ಕಿಂತ ಜಾಹೀರಾತೇ ಜಾಸ್ತಿಯಾಯಿತು ಎನ್ನಿಸುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಬೋ ಕಾಲದ ಫುಟ್‌ಬಾಲೇ ಫುಟ್‌ಬಾಲು ಕಣ್ರೀ. ಈಗಿಂದೆಲ್ಲ ಬರೀ ದುಡ್ಡಿನಾಟ."

ಹೀಗೆ ಹೇಳುವವರು ಹಾಸನದವರಿರಬಹುದು, ದಾವಣಗೆರೆಯವರಿರಬಹುದು. ಎಂಬತ್ತರ ದಶಕದಲ್ಲಿ ಎಂ.ಎಸ್. ಮಾಡಲು ಬಂದು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಈ ಆಟದ ತಲೆಬುಡ ತಿಳಿಯದೆ ಕಣ್ಣುಬಾಯಿ ಬಿಟ್ಟುಕೊಂಡು ಕೂತಿದ್ದವರು. ಈಗ ಅವರೇ ಈ ಊರಿನ ಮೂರು ತಲೆಮಾರಿನ ವಾರಸುದಾರರ ಹಾಗೆ ಹಳೆಯದನ್ನು ನೆನೆದು ಮರುಗುತ್ತಾರೆ. ನಾನೂ ಅದೇ ಪಂಗಡದವನು. ನಮ್ಮ ಪಕ್ಕದ ಮನೆಯ ಅಜ್ಜನಿಗೆ ಐವತ್ತರ ದಶಕವೇ ಸರಿ. ಆಮೇಲೆ ಬಂದ ಸಾಫ್ಟ್‌ವೇರ್ ಹುಡುಗರಿಗೆ 1997ರಲ್ಲಿ ಚಾಂಪಿಯನ್ ಆದ ತಂಡವೇ ಕಡೆಯ ಒಳ್ಳೆಯ ತಂಡ. ಎಲ್ಲರ ಸುವರ್ಣಯುಗವೂ ಅವರವರು ಬಂದಿಳಿದ ವರ್ಷವೇ ಶುರುವಾಗಿರುತ್ತದೆ. ಪ್ರಸನ್ನ, ಚಂದ್ರಶೇಖರ್ ಬೌಲಿಂಗ್ ಕಣ್ಣಾರೆ ಕಂಡವರು ಐಪಿಎಲ್ ಬಗ್ಗೆ ಆಡುವ ಮಾತಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೂ ಹಳಹಳಿಕೆ ಎಂದು ತಳ್ಳಿಹಾಕುವ ಮುಂಚೆ ಒಮ್ಮೆ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ನಿಜಕ್ಕೂ ಆಗ ಚೆನ್ನಾಗಿತ್ತೇ?

ಈಚೆಗೆ ಬಂದವರಿಗಾಗಿ ಎರಡು ಮಾತು. ಬೋ ಶೆಂಬೆಕ್ಲರ್ 1969ರಿಂದ 1989ರವರೆಗೆ ಮಿಶಿಗನ್ ವಿಶ್ವವಿದ್ಯಾಲಯದ ತಂಡದ ಕೋಚ್. ಪಕ್ಕದ ಓಹಾಯೊ ಸ್ಟೇಟ್ ತಂಡಕ್ಕೆ ವುಡಿ ಹೇಯ್ಸ್. ಬೋ ವುಡಿಯ ಶಿಷ್ಯ, ಅವರ ಕೈಕೆಳಗೆ ಆಡಿ, ಅವರ ಸಹಾಯಕನಾಗಿ ದುಡಿದು ಬೆಳೆದವರು. ಮಿಶಿಗನ್ನಿಗೆ ಬಂದ ಮೊದಲ ವರ್ಷವೇ, ಅಲ್ಲಿಯವರೆಗೆ ಸೋಲೇ ಕಾಣದೆ ಬಂದಿದ್ದ ಗುರುವಿನ ತಂಡವನ್ನು 24–12ರಿಂದ ಮಣಿಸಿದರು. ಮುಂದಿನ ಹತ್ತು ವರ್ಷ ಇವರಿಬ್ಬರ ಜಿದ್ದಿಗೆ ಇಲ್ಲಿನವರು 'ಹತ್ತು ವರ್ಷದ ಯುದ್ಧ' ಎಂದೇ ಹೆಸರಿಟ್ಟಿದ್ದಾರೆ. 1978ರ ಡಿಸೆಂಬರಿನಲ್ಲಿ ವುಡಿ ಟೀವಿ ಕ್ಯಾಮರಾದೆದುರೇ ಎದುರಾಳಿ ತಂಡದ ಹುಡುಗನಿಗೆ ಗುದ್ದಿ ಕೆಲಸ ಕಳೆದುಕೊಂಡಾಗ ಯುದ್ಧ ಮುಗಿಯಿತು. ನಾವೆಲ್ಲ ಬಂದಿದ್ದು ಅದು ಮುಗಿದ ಮೇಲೆ. ಆದರೂ ಅದರಲ್ಲಿ ಗಾಯಗೊಂಡು ಬಂದವರ ಹಾಗೆ ಮಾತಾಡುತ್ತೇವೆ.

ಆ ಯುದ್ಧದ ನಟ್ಟನಡುವಿನ ಒಂದು ದಿನ 1973ರ ನವೆಂಬರ್ 24. ಆನ್ ಆರ್ಬರಿನಲ್ಲಿ ಆಟ. ಎರಡೂ ತಂಡಗಳು ಆ ವರ್ಷ ಒಂದೂ ಸೋತಿರಲಿಲ್ಲ. ಆಟ 10–10ಕ್ಕೆ ನಿಂತಿತು. ಆಗ ಓವರ್‌ಟೈಮ್ ಇರಲಿಲ್ಲ, ಸಮ ಎಂದರೆ ಸಮ. ಬಿಗ್ ಟೆನ್ ಲೀಗಿನಿಂದ ಒಂದೇ ಒಂದು ತಂಡ ಕ್ಯಾಲಿಫೋರ್ನಿಯಾದಲ್ಲಿ ಹೊಸವರ್ಷದ ದಿನ ನಡೆಯುವ ರೋಸ್ ಬೌಲ್ ಆಟಕ್ಕೆ ಹೋಗಬಹುದಿತ್ತು, ಮಿಕ್ಕ ತಂಡಗಳು ಬೇರೆ ಯಾವ ಬೌಲ್‌ಗೂ ಹೋಗುವ ಹಾಗಿರಲಿಲ್ಲ. ಯಾರನ್ನು ಕಳಿಸುವುದು? ಮರುದಿನ ಲೀಗಿನ ಹತ್ತು ಅಥ್ಲೆಟಿಕ್ ಡೈರೆಕ್ಟರುಗಳ ಮತ ತೆಗೆದುಕೊಂಡರು. 6–4ರಲ್ಲಿ ಓಹಾಯೊ ಸ್ಟೇಟ್ ಹೋಯಿತು. ಮಿಶಿಗನ್ನಿನ ಕ್ವಾರ್ಟರ್‌ಬ್ಯಾಕ್ ಡೆನಿಸ್ ಫ್ರಾಂಕ್ಲಿನ್‌ಗೆ ಆ ಆಟದಲ್ಲಿ ಕೊರಳೆಲುಬು ಮುರಿದಿತ್ತು, ಅದನ್ನೇ ಕಾರಣವೆಂದು ಆಡಿಕೊಂಡರು. 1972ರಿಂದ 74ರವರೆಗಿನ ಮೂರು ಋತುಗಳಲ್ಲಿ ಮಿಶಿಗನ್ ಸೋತದ್ದು ಎರಡೇ ಆಟ, ಸಮ ಮಾಡಿಕೊಂಡದ್ದು ಒಂದು. ಮೂರು ವರ್ಷವೂ ಹುಡುಗರು ಹೊಸವರ್ಷದ ದಿನ ಮನೆಯಲ್ಲಿ ಕೂತರು. 1975ರಲ್ಲಿ ಆ ನಿಯಮ ಹೋಯಿತು.

ಅದರ ಪಕ್ಕಕ್ಕೆ 2024ರ ನವೆಂಬರ್ 30 ಇಟ್ಟು ನೋಡಿ. ಕೊಲಂಬಸ್ಸಿನಲ್ಲಿ ಆಟ. ಮಿಶಿಗನ್ನಿಗೆ ಆ ವರ್ಷ ಏನೂ ಚೆನ್ನಾಗಿರಲಿಲ್ಲ. ಆದರೂ ಹೋಗಿ ಓಹಾಯೊ ಸ್ಟೇಟನ್ನು ಅದರ ನೆಲದಲ್ಲೇ 13–10ರಿಂದ ಸೋಲಿಸಿತು. ನಮ್ಮ ಬೇಸ್‌ಮೆಂಟುಗಳಲ್ಲಿ ಅವತ್ತು ದೀಪಾವಳಿ. ಬೋ ಕಾಲವಾಗಿದ್ದರೆ ಓಹಾಯೊ ಸ್ಟೇಟಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಹಾಗಲ್ಲ. ಆ ವರ್ಷದಿಂದಲೇ 12 ತಂಡಗಳ ಪ್ಲೇಆಫ್ ಶುರುವಾಗಿತ್ತು. ಸೋತವರೇ ಒಳಗೆ ಹೋಗಿ, ಒಂದಾದ ಮೇಲೊಂದು ಗೆದ್ದು, 2025ರ ಜನವರಿ 20ರಂದು ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ದೇಶದ ಚಾಂಪಿಯನ್ ಆದರು. ಅವರನ್ನು ಸೋಲಿಸಿದ ನಾವು ಟೀವಿ ಮುಂದೆ ಕೂತು ನೋಡಿದೆವು.

1973ರದು ಶುದ್ಧ ಅನ್ಯಾಯ. 2024ರದು ನ್ಯಾಯವೇ, ಆದರೆ ಸಪ್ಪೆ ನ್ಯಾಯ. ಮೈದಾನದ ಮೇಲೆ ಆಡಿ ಗೆದ್ದವರೇ ಚಾಂಪಿಯನ್ ಆಗಬೇಕು, ಹತ್ತು ಜನ ಮತ ಹಾಕಿ ನಿರ್ಧರಿಸುವುದಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಶನಿವಾರ ಸೋತರೆ ವರ್ಷವೇ ಹೋಯಿತು ಎನ್ನುವ ಆ ಎದೆಬಡಿತ ಇತ್ತಲ್ಲ, ಅದು ಹೋಗಿದೆ. ಹಳಬರು ಮರುಗುವುದು ಇದಕ್ಕಾದರೆ ನಾನೂ ಅವರ ಜೊತೆ.

ಅವರು ಮರುಗುವುದು ಸಾಮಾನ್ಯವಾಗಿ ಬೇರೆಯದಕ್ಕೆ. "ಆಗ ಹುಡುಗರು ಕಾಲೇಜಿನ ಅಭಿಮಾನಕ್ಕೆ ಆಡುತ್ತಿದ್ದರು, ಎಲ್ಲ ಶುದ್ಧವಾಗಿತ್ತು." ಇಲ್ಲಿ ನನಗೆ ತಕರಾರಿದೆ.

1934ರ ಅಕ್ಟೋಬರಿನ ಕಥೆ ಕೇಳಿ. ಮಿಶಿಗನ್ ತಂಡದಲ್ಲಿ ವಿಲಿಸ್ ವಾರ್ಡ್ ಎಂಬ ಕರಿಯ ಆಟಗಾರನಿದ್ದ. ಹಿಂದಿನ ಎರಡು ವರ್ಷ ತಂಡ ದೇಶದ ಚಾಂಪಿಯನ್ ಆಗುವುದರಲ್ಲಿ ಅವನ ಪಾಲು ದೊಡ್ಡದು. ಆ ವಾರ ದಕ್ಷಿಣದಿಂದ ಜಾರ್ಜಿಯಾ ಟೆಕ್ ಬರುವುದಿತ್ತು. ಕರಿಯ ಆಟಗಾರ ಮೈದಾನಕ್ಕಿಳಿದರೆ ನಾವು ಆಡುವುದಿಲ್ಲ ಎಂದು ಅವರು ಮೊದಲೇ ಹೇಳಿಕಳಿಸಿದ್ದರು. ಮಿಶಿಗನ್ ಒಪ್ಪಿಕೊಂಡಿತು! ಅದೂ ತನ್ನದೇ ಊರಿನಲ್ಲಿ, ತನ್ನದೇ ಮೈದಾನದಲ್ಲಿ. ವಾರ್ಡನನ್ನು ಹೊರಗಿಟ್ಟರು, ಸರಿತೂಗಿಸಲು ಅವರೂ ಒಬ್ಬನನ್ನು ಕೂರಿಸಿದರು. ವಾರ್ಡನ ಗೆಳೆಯನೊಬ್ಬ ತಂಡದಲ್ಲಿದ್ದ, ನಾನೂ ಆಡುವುದಿಲ್ಲ ಎಂದು ಹಟ ಹಿಡಿಯುವವರೆಗೆ ಹೋದ. ಅವನ ಹೆಸರು ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಕೊನೆಗೆ ಫೋರ್ಡ್ ಆಡಿದರು, ಮಿಶಿಗನ್ 9–2ರಿಂದ ಗೆದ್ದಿತು, ಆ ಇಡೀ ಋತುವಿನಲ್ಲಿ ಅದು ಗೆದ್ದದ್ದು ಅದೊಂದೇ. ವಾರ್ಡ್ ಮುಂದೆ ನ್ಯಾಯಾಧೀಶರಾದರು. ಅರವತ್ತೈದು ವರ್ಷ ಕಳೆದ ಮೇಲೂ ಫೋರ್ಡ್‌ಗೆ ಅದು ಮರೆತಿರಲಿಲ್ಲ. 1999ರಲ್ಲಿ, ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಕರಿಯರಿಗೆ ಅವಕಾಶ ಇರಬೇಕೆಂದು ವಾದಿಸುವಾಗ, ಪತ್ರಿಕೆಯಲ್ಲಿ ವಾರ್ಡನ ಕಥೆಯನ್ನೇ ಬರೆದರು. ಇದು ಉತ್ತರದ ಕಥೆ. ದಕ್ಷಿಣದಲ್ಲಿ 1969ರಲ್ಲಿ ಚಾಂಪಿಯನ್ ಆದ ಟೆಕ್ಸಸ್ ತಂಡದಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರ ಇರಲಿಲ್ಲ.

ಬೋ ಕಾಲಕ್ಕೇ ಬನ್ನಿ. ರಾಬರ್ಟ್ ಆಂಡರ್ಸನ್ ಎಂಬ ವೈದ್ಯ ಆ ದಶಕಗಳಲ್ಲಿ ಮಿಶಿಗನ್ ಆಟಗಾರರನ್ನು ನೋಡಿಕೊಳ್ಳುತ್ತಿದ್ದ. ಅವನು ತಪಾಸಣೆಯ ಹೆಸರಿನಲ್ಲಿ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದ ಎಂದು ವಿದ್ಯಾರ್ಥಿಗಳೂ ಆಟಗಾರರೂ ಸೇರಿ ಸಾವಿರಕ್ಕೂ ಹೆಚ್ಚು ಜನ ಹೇಳಿದರು, ಅದೂ ಅವನು ಸತ್ತು ಎಷ್ಟೋ ವರ್ಷವಾದ ಮೇಲೆ. 2022ರಲ್ಲಿ ವಿಶ್ವವಿದ್ಯಾಲಯ 49 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಆ ಹುಡುಗರಿಗೆ ಆಗ ಕೈಯಲ್ಲಿದ್ದದ್ದು ಒಂದು ಸ್ಕಾಲರ್‌ಶಿಪ್ಪು. ಬಾಯಿಬಿಟ್ಟರೆ ಅದೂ ಹೋಗುತ್ತದೆ ಎಂಬ ಭಯ. ಈ ತಂಡ ಬಿಟ್ಟು ಇನ್ನೊಂದಕ್ಕೆ ಹೋಗೋಣವೆಂದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಈಗ ಬೇಡವೆನಿಸಿದರೆ ಹುಡುಗ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹೊರಟುಬಿಡುತ್ತಾನೆ. "ನಿಷ್ಠೆಯೇ ಇಲ್ಲ" ಎಂದು ನಮ್ಮವರು ಬೈಯುತ್ತಾರೆ. ಎಚ್1ಬಿ ಮೇಲೆ ಮೂರು ಕಂಪನಿ ಬದಲಾಯಿಸಿದವರ ಬಾಯಲ್ಲಿ ಈ ಮಾತು ಬಂದಾಗ ನನಗೆ ನಗು ತಡೆಯಲು ಆಗುವುದಿಲ್ಲ.

ದುಡ್ಡಿನ ವಿಷಯವೂ ಅಷ್ಟೆ. 1929ರಲ್ಲೇ ಕಾರ್ನೆಗಿ ಫೌಂಡೇಶನ್ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಸುತ್ತಿ ದಪ್ಪನೆಯ ವರದಿ ಬರೆದಿತ್ತು: ಹೆಚ್ಚಿನ ಕಡೆ ಆಟಗಾರರಿಗೆ ಒಂದಲ್ಲ ಒಂದು ರೀತಿಯಲ್ಲಿ ದುಡ್ಡು ಸಲ್ಲುತ್ತಿದೆ ಎಂದು. ಮೇಜಿನ ಕೆಳಗೆ ಇದ್ದದ್ದು ಈಗ ಮೇಜಿನ ಮೇಲೆ ಬಂದಿದೆ. 2010ರಲ್ಲಿ ಓಹಾಯೊ ಸ್ಟೇಟಿನ ಐವರು ಹುಡುಗರು ತಮಗೆ ಬಂದಿದ್ದ ಉಂಗುರ, ಜರ್ಸಿಗಳನ್ನು ಹಚ್ಚೆಯಂಗಡಿಯವನಿಗೆ ಕೊಟ್ಟು ದುಡ್ಡು, ಹಚ್ಚೆ ಪಡೆದರೆಂದು ಐದೈದು ಆಟ ಹೊರಗೆ ಕೂರಬೇಕಾಯಿತು, ಕೋಚ್ ರಾಜೀನಾಮೆ ಕೊಡಬೇಕಾಯಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದು. ಅದೇ ಹಚ್ಚೆಯಂಗಡಿಯವನು ಇವತ್ತು ಆ ಹುಡುಗರನ್ನು ಜಾಹೀರಾತಿಗೆ ಹಾಕಿಕೊಳ್ಳಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಹಂಚಬಹುದು. ಇದು ಅತಿಯಾಯಿತು ಎನ್ನುವವರು ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚನ್ನು ಕೆಲಸದಿಂದ ತೆಗೆದಾಗ, ಆತ ಕೆಲಸ ಮಾಡದೆ ಮನೆಯಲ್ಲಿರಲು ಕೊಡಲು ಒಪ್ಪಿದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಆಗ ಯಾವ ಬೇಸ್‌ಮೆಂಟಿನಲ್ಲೂ 'ಆಟ ಕೆಟ್ಟುಹೋಯಿತು' ಎಂಬ ಕೂಗು ನಾನು ಕೇಳಲಿಲ್ಲ.

ಹಾಗಾದರೆ ಕೆಟ್ಟದ್ದು ಏನೂ ಇಲ್ಲವೇ? ಇದೆ. ಅದನ್ನು ನೋಡಬೇಕೆಂದರೆ ಟೀವಿ ಬಿಟ್ಟು ಸ್ಟೇಡಿಯಮ್ಮಿಗೇ ಬರಬೇಕು.

ಮಿಶಿಗನ್ ಸ್ಟೇಡಿಯಂ ಹೊರಗಿನಿಂದ ನೋಡಿದರೆ 1,07,601 ಜನ ಹಿಡಿಯುವ ಜಾಗ ಅನ್ನಿಸುವುದೇ ಇಲ್ಲ. ಬಹುಪಾಲು ನೆಲದೊಳಕ್ಕೆ ತೋಡಿ ಕಟ್ಟಿದ್ದು. ಒಳಗೆ ಕಾಲಿಟ್ಟ ಮೇಲೆ ಸಾಲುಗಳು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತ ಹೋಗುತ್ತವೆ. ಕೂರಲು ಕುರ್ಚಿಯಿಲ್ಲ, ನಂಬರ್ ಬರೆದ ಉದ್ದನೆಯ ಬೆಂಚು. ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಜಾಗ ಸಾಲುತ್ತದೆ, ನವೆಂಬರಿನಲ್ಲಿ ಎಲ್ಲರೂ ದಪ್ಪ ಕೋಟು ಹಾಕಿಕೊಂಡು ಬಂದಾಗ ಸಾಲಿನಲ್ಲಿ ಕೊನೆಗೆ ಬಂದವನು ಅರ್ಧ ನಿಂತೇ ನೋಡಬೇಕು. ಪಕ್ಕದವರ ಮೊಣಕೈ, ಅವರ ಫ್ಲಾಸ್ಕಿನ ಕಾಫಿ, ಅವರ ಬೈಗುಳ ಎಲ್ಲವೂ ನಮ್ಮದೇ. ಬ್ಯಾಂಡಿನವರು 1898ರಷ್ಟು ಹಿಂದಿನ 'ದಿ ವಿಕ್ಟರ್ಸ್' ಹಾಡು ಬಾರಿಸುತ್ತ ಬರುತ್ತಾರೆ, ಆಟಗಾರರು ಓಡಿಬಂದು ನೀಲಿ ಬ್ಯಾನರನ್ನು ಎಗರಿ ಮುಟ್ಟುತ್ತಾರೆ. ಇದೊಂದೂ ಬದಲಾಗಿಲ್ಲ. ಕೋವಿಡ್ ವರ್ಷವೊಂದನ್ನು ಬಿಟ್ಟರೆ 1975ರ ನವೆಂಬರಿನಿಂದ ಇಲ್ಲಿನ ಒಂದು ಆಟಕ್ಕೂ ಜನ ಒಂದು ಲಕ್ಷಕ್ಕಿಂತ ಕಮ್ಮಿಯಾಗಿಲ್ಲ.

ಬದಲಾದದ್ದು ಅಂಚಿನಲ್ಲಿ ನಿಂತಿರುವ ಕೆಂಪು ಟೋಪಿಯ ಮನುಷ್ಯ. ಆತ ಟೀವಿಯವರ ಕಡೆಯವನು. ಒಂದು ತಂಡ ಅಂಕ ಗಳಿಸಿ ಜನರೆಲ್ಲ ಎದ್ದು ಕುಣಿಯುತ್ತಿರುವಾಗ ಆತ ನಿಧಾನವಾಗಿ ಮೈದಾನದೊಳಕ್ಕೆ ಕಾಲಿಡುತ್ತಾನೆ. ಅಷ್ಟೆ, ಆಟ ಬಂದ್. ಆಟಗಾರರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ಜನ ಚಳಿಗೆ ಕಾಲು ಬಡಿಯುತ್ತಾರೆ, ಬ್ಯಾಂಡಿನವರು ಗೊತ್ತಿದ್ದದ್ದನ್ನೆಲ್ಲ ಬಾರಿಸಿ ಮುಗಿಸುತ್ತಾರೆ. ಮನೆಯಲ್ಲಿರುವವರಿಗೆ ಟ್ರಕ್ಕು, ಬಿಯರು, ಇನ್ಶೂರೆನ್ಸು ತೋರಿಸಿ ಮುಗಿಯುವವರೆಗೆ ಆತ ಕದಲುವುದಿಲ್ಲ. ಗಡಿಯಾರದಲ್ಲಿ 60 ನಿಮಿಷದ ಆಟ ಮೂರೂವರೆ ಗಂಟೆ ಎಳೆಯುವುದು ಹೀಗೆ. 2023ರಲ್ಲಿ ಆಟ ಬೇಗ ಮುಗಿಯಲೆಂದು ಗಡಿಯಾರದ ನಿಯಮ ಬದಲಿಸಿದರು. ಕತ್ತರಿ ಬಿದ್ದದ್ದು ಆಟಕ್ಕೆ, ಜಾಹೀರಾತಿಗಲ್ಲ.

ಆಟ ಯಾವಾಗ ಶುರು ಎಂದು ಹೇಳುವವರೂ ಟೀವಿಯವರೇ. ಮುಂಚೆ ಶನಿವಾರ ಮಧ್ಯಾಹ್ನ ಎಂದರೆ ಮಧ್ಯಾಹ್ನ. ಈ ಸ್ಟೇಡಿಯಮ್ಮಿನಲ್ಲಿ ರಾತ್ರಿ ಆಟ ಮೊದಲು ನಡೆದದ್ದೇ 2011ರಲ್ಲಿ. ಈಗ ಎಷ್ಟೋ ಆಟಗಳ ಹೊತ್ತು ಹನ್ನೆರಡೇ ದಿನ ಮುಂಚೆ, ಕೆಲವು ಸಲ ಆರೇ ದಿನ ಮುಂಚೆ ಗೊತ್ತಾಗುತ್ತದೆ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಶಾಲೆಯ ಸಭಾಂಗಣ ಕಾದಿರಿಸುವುದು ಆರು ತಿಂಗಳ ಮುಂಚೆ. ಸಮಿತಿಯವರು ಫುಟ್‌ಬಾಲ್ ವೇಳಾಪಟ್ಟಿ ಎದುರಿಗಿಟ್ಟುಕೊಂಡೇ ದಿನ ಗೊತ್ತುಮಾಡುತ್ತಾರೆ. ಆದರೂ ನಾಟಕಕ್ಕೆ ಪರದೆ ಏಳುವ ಹೊತ್ತೂ ಆಟ ಶುರುವಾಗುವ ಹೊತ್ತೂ ಒಂದೇ ಎಂದು ಕೊನೆಯ ವಾರ ಗೊತ್ತಾದರೆ, ದುಷ್ಯಂತನ ಪಾತ್ರಧಾರಿ ಗ್ರೀನ್‌ರೂಮಿನಲ್ಲಿ ಫೋನ್ ನೋಡುತ್ತ ಕೂರುತ್ತಾನೆ.

ಈ ಯಜಮಾನಿಕೆ ಯಾವಾಗ ಶುರುವಾಯಿತು ಎಂಬುದಕ್ಕೆ ಖಚಿತವಾದ ಇಸವಿಯಿದೆ. 1984. ಅಲ್ಲಿಯವರೆಗೆ ಒಂದು ತಂಡದ ಆಟ ಎಷ್ಟು ಸಲ ಟೀವಿಯಲ್ಲಿ ಬರಬಹುದು ಎಂಬುದನ್ನು ಕಾಲೇಜು ಕ್ರೀಡೆಗಳ ಮಂಡಳಿ ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮಾ, ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7–2ರಲ್ಲಿ ಮಂಡಳಿಯ ಹಿಡಿತ ಕಾನೂನಿಗೆ ವಿರುದ್ಧ ಎಂದಿತು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್, ಕಾಲೇಜು ದಿನಗಳಲ್ಲಿ ಕೊಲರಾಡೊದ ಹೆಸರಾಂತ ಆಟಗಾರ. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರದಂತೆ ನೋಡಿದ್ದು ತಪ್ಪು ಎಂದು ಅವರು ಬರೆದರು. ಕಾನೂನಿನ ಮಾತು ಹೇಗೋ ಗೊತ್ತಿಲ್ಲ, ಆಟದ ಮಾತಿನಲ್ಲಿ ಅವರ ಅನುಮಾನವೇ ನಿಜವಾಯಿತು. 2022ರಲ್ಲಿ ಬಿಗ್ ಟೆನ್ ಮಾಡಿಕೊಂಡ ಟೀವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೇಲಿನದು. ಆ ದುಡ್ಡಿನ ಸೆಳೆತಕ್ಕೆ ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು ಇತ್ತ ಬಂದವು, ಹಿಂದೆಯೇ ವಾಷಿಂಗ್ಟನ್, ಆರೆಗನ್. ಪಶ್ಚಿಮ ತೀರದ ಹಳೆಯ ಲೀಗ್ ಚೂರಾಯಿತು. ಪೆಸಿಫಿಕ್ ಸಾಗರದ ಪಕ್ಕದ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ತೀರದ ಲೀಗಿನಲ್ಲಿದೆ. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡಗಳು. 1869ರಲ್ಲಿ ದೇಶದ ಮೊಟ್ಟಮೊದಲ ಕಾಲೇಜ್ ಫುಟ್‌ಬಾಲ್ ಆಟಕ್ಕೆ ರಟ್‌ಗರ್ಸ್ ಕರೆದದ್ದು ಪಕ್ಕದೂರಿನ ಪ್ರಿನ್ಸ್‌ಟನ್ನನ್ನು. ಅದೇ ರಟ್‌ಗರ್ಸ್ ಈಗ ಲೀಗ್ ಆಟಕ್ಕೆ ಲಾಸ್ ಏಂಜಲೀಸಿಗೆ ಹಾರುತ್ತದೆ. ಫುಟ್‌ಬಾಲ್ ತಂಡ ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ, ಅದಕ್ಕೇನು ಕಷ್ಟ. ವಾರದ ನಡುವೆ ಆಡುವ ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರೂ ಹಾಗೇ ಅಲೆಯಬೇಕು, ಹೋಮ್‌ವರ್ಕನ್ನು ವಿಮಾನನಿಲ್ದಾಣದಲ್ಲಿ ಮಾಡಬೇಕು.

ಇದರಲ್ಲಿ ಕಳೆದುಹೋದದ್ದು ನೆರೆಹೊರೆಯ ಜಗಳ. 1903ರಲ್ಲಿ ಮಿಶಿಗನ್ ತಂಡ ಮಿನೆಸೋಟಾಕ್ಕೆ ಆಡಲು ಹೋದಾಗ ನೀರಿಗೆಂದು ಅಲ್ಲೇ ಒಂದು ಹೂಜಿ ಕೊಂಡಿತು. 30 ಸೆಂಟಿನ ಹೂಜಿ. ಆಟ ಸಮವಾಯಿತು, ಗದ್ದಲದಲ್ಲಿ ಹೂಜಿ ಅಲ್ಲೇ ಉಳಿಯಿತು. ಬೇಕಾದರೆ ಗೆದ್ದು ಒಯ್ಯಿರಿ ಎಂದರು ಅವರು. ಅಂದಿನಿಂದ ಆ ಹೂಜಿಯೇ ಟ್ರೋಫಿ. ಈಗ ಹದಿನೆಂಟು ತಂಡಗಳ ಲೀಗಿನಲ್ಲಿ ಪ್ರತಿವರ್ಷ ತಪ್ಪದೆ ನಡೆಯಲೇಬೇಕಾದ ಆಟಗಳ ಒಂದು ಪಟ್ಟಿ ಮಾಡಿದ್ದಾರೆ, ಹೂಜಿಯ ಆಟ ಅದರಲ್ಲಿಲ್ಲ. ಒಕ್ಲಹೋಮಾ–ನೆಬ್ರಾಸ್ಕಾ ನಡುವೆ 1971ರ ಥ್ಯಾಂಕ್ಸ್‌ಗಿವಿಂಗ್ ದಿನ ನಡೆದ 35–31ರ ಆಟವನ್ನು ಶತಮಾನದ ಆಟ ಎನ್ನುತ್ತಾರೆ. ಆ ಎರಡು ತಂಡಗಳು ಇವತ್ತು ಬೇರೆಬೇರೆ ಲೀಗುಗಳಲ್ಲಿವೆ. ಇದಕ್ಕೆಲ್ಲ ಹುಡುಗರ ಕೈಗೆ ಬಂದ ಕಾಸು ಕಾರಣವಲ್ಲ. ಲೀಗುಗಳು ಒಡೆಯಲು ಶುರುವಾದದ್ದು ಅವರಿಗೆ ಕಾನೂನುಬದ್ಧವಾಗಿ ಒಂದು ಡಾಲರ್ ಸಿಗುವುದಕ್ಕೂ ಎಷ್ಟೋ ವರ್ಷ ಮುಂಚೆ.

ಮೈದಾನದೊಳಗಿನ ಆಟದ ಮಟ್ಟಿಗೆ ಹೇಳುವುದಾದರೆ ಈಗಿನದೇ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. 1950ರಲ್ಲಿ ಹಿಮಗಾಳಿಯ ನಡುವೆ ಕೊಲಂಬಸ್ಸಿನಲ್ಲಿ ಮಿಶಿಗನ್ ಒಂದೇ ಒಂದು ಫಸ್ಟ್ ಡೌನ್ ಗಳಿಸದೆ, ಒಂದು ಪಾಸನ್ನೂ ಪೂರ್ತಿ ಮಾಡದೆ 9–3ರಿಂದ ಗೆದ್ದಿತ್ತು. ಕೇಳಲು ರೋಮಾಂಚಕ, ನೋಡಿದವರ ಗತಿ ದೇವರಿಗೇ ಗೊತ್ತು. ವುಡಿಯ ಆಟವೆಂದರೆ ಮಧ್ಯದಲ್ಲಿ ನುಗ್ಗು, ಮೂರು ಗಜ ಹೋಗು, ಮತ್ತೆ ನುಗ್ಗು. ಬೋ ಬೇರೆಯವರೇನಲ್ಲ. ಆ ಕಾಲದ ಲೀಗನ್ನು 'ದೊಡ್ಡವರಿಬ್ಬರು, ಚಿಕ್ಕವರೆಂಟು' ಎಂದು ಆಗಲೇ ತಮಾಷೆ ಮಾಡುತ್ತಿದ್ದರು. 1968ರಿಂದ 1980ರವರೆಗಿನ ಹದಿಮೂರು ಋತುಗಳಲ್ಲಿ ರೋಸ್ ಬೌಲ್‌ಗೆ ಹೋದದ್ದು ಮಿಶಿಗನ್, ಇಲ್ಲ ಓಹಾಯೊ ಸ್ಟೇಟ್. ಮಿಕ್ಕ ಎಂಟು ಊರುಗಳ ಜನರನ್ನು ಕೇಳಿ ನೋಡಿ ಸುವರ್ಣಯುಗ ಹೇಗಿತ್ತು ಎಂದು. ಆ ಎಂಟರಲ್ಲೂ ಕಡೆಯ ಸಾಲಿನದು ಇಂಡಿಯಾನಾ. ಪೋರ್ಟಲ್‌ನಿಂದ ಬಂದ ಹುಡುಗರನ್ನು ಕಲೆಹಾಕಿಕೊಂಡು, ಹೊಸ ಕೋಚ್ ಬಂದ ಎರಡೇ ವರ್ಷಕ್ಕೆ ಆ ಇಂಡಿಯಾನಾ ಒಂದೂ ಸೋಲದೆ 2026ರ ಜನವರಿಯಲ್ಲಿ ದೇಶದ ಚಾಂಪಿಯನ್ ಆಯಿತು. ಬೋ ಕಾಲದಲ್ಲಿ ಇದು ಕನಸಿನಲ್ಲೂ ಆಗುವ ಮಾತಾಗಿರಲಿಲ್ಲ.

ಇನ್ನೊಂದು ಸಂಗತಿ, ಮಕ್ಕಳನ್ನು ಈ ಆಟಕ್ಕೆ ಬಿಡುವ ತಂದೆತಾಯಿಗಳಿಗೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಸತ್ತ ಮೇಲೆ ಮಿದುಳನ್ನು ದಾನ ಮಾಡಿದ್ದ ಆಟಗಾರರನ್ನು ಪರೀಕ್ಷಿಸಿದಾಗ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರಲ್ಲಿ 48 ಜನರಿಗೆ ತಲೆಗೆ ಮತ್ತೆಮತ್ತೆ ಬಿದ್ದ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಕಂಡಿತು. ಸಂಶಯವಿದ್ದ ಮನೆಯವರೇ ಹೆಚ್ಚಾಗಿ ದಾನ ಮಾಡಿರುತ್ತಾರೆ, ಹಾಗಾಗಿ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸದು. ಆದರೂ ಇವರಲ್ಲಿ ಬಹಳಷ್ಟು ಜನ ಆಡಿದ್ದು ಹಳೆಯ ಕಾಲದಲ್ಲೇ, ಪೆಟ್ಟು ತಿಂದು ಎದ್ದುಬಂದವನನ್ನೇ ಗಂಡಸು ಎನ್ನುತ್ತಿದ್ದ ಕಾಲದಲ್ಲಿ. ತಲೆಗೆ ಗುರಿಯಿಟ್ಟು ಡಿಕ್ಕಿ ಹೊಡೆದವನನ್ನು 2013ರಿಂದ ಆಟದಿಂದಲೇ ಹೊರಗೆ ಕಳಿಸುತ್ತಾರೆ. ಬೇಸ್‌ಮೆಂಟಿನವರು ಇದಕ್ಕೂ "ಆಟ ಮೆತ್ತಗಾಯಿತು" ಎನ್ನುತ್ತಾರೆ. ಆಗಲಿ ಬಿಡಿ.

ನನ್ನ ತೀರ್ಪು ಇಷ್ಟು: ಆಟವೂ ಆಟಗಾರನ ಪಾಡೂ ಈಗ ಮೇಲು. ಶನಿವಾರ ಮಾತ್ರ ಆಗ ಮೇಲಿತ್ತು. ಆ ಶನಿವಾರ ಪೂರ್ತಿ ಹೋಗಿಯೂ ಇಲ್ಲ. ಏಡ್ರಿಯನ್, ಆಲ್ಬಿಯನ್, ಆಲ್ಮಾ, ಹೋಪ್, ಕಾಲಮಜೂ ಮುಂತಾದ ನಮ್ಮ ರಾಜ್ಯದ ಸಣ್ಣ ಕಾಲೇಜುಗಳು 1888ರಲ್ಲಿ ಶುರುವಾದ ಒಂದು ಲೀಗಿನಲ್ಲಿ ಇವತ್ತಿಗೂ ಆಡುತ್ತಿವೆ, ಅದು ಈ ದೇಶದ ಅತಿ ಹಳೆಯ ಕಾಲೇಜು ಲೀಗ್. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಕೆಮಿಸ್ಟ್ರಿ, ಅಕೌಂಟಿಂಗ್ ಓದುವ ಹುಡುಗರು ಪಕ್ಕದ ಊರಿನ ಹುಡುಗರ ಮೇಲೆ ಆಡುತ್ತಾರೆ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಕೆಂಪು ಟೋಪಿಯವನಿಗೆ ಅಲ್ಲಿ ಕೆಲಸವಿಲ್ಲ. ಏಡ್ರಿಯನ್ ಆನ್ ಆರ್ಬರಿನಿಂದ ಒಂದು ಗಂಟೆಯ ದಾರಿ. ಹಳೆಯ ಫುಟ್‌ಬಾಲ್ ಬೇಕು ಎನ್ನುವ ಕೂಟದ ಸದಸ್ಯರು ಈ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ನನ್ನ ವ್ಯಾನಿನಲ್ಲಿ ಆರು ಜನರಿಗೆ ಜಾಗವಿದೆ, ಚಿತ್ರಾನ್ನ ಯಾರು ತರುತ್ತೀರಿ ಎಂಬುದನ್ನು ಮಾತ್ರ ಮುಂಚಿತವಾಗಿ ತಿಳಿಸಿ.